ಎಡಗಡೆಗೆ ಒಂದು ಬಡಿತ

ನನ್ನನ್ನು ಸುಳ್ಳ ಅನ್ನುವವರು ಅನ್ನಲಿ, ಬೇಸರವಿಲ್ಲ. ಆದರೆ ಆ ರಾತ್ರಿ ಎಂಟು ಗಂಟೆ ಹತ್ತು ನಿಮಿಷಕ್ಕೆ ಅಕ್ಕನ ಕಾಲ್ ಬಂದದ್ದು ನನ್ನ ಫೋನಿನಲ್ಲಿ ಇನ್ನೂ ಹಾಗೇ ಇದೆ. ಆ ಹೊತ್ತಿನಲ್ಲಿ ನಾನೆಲ್ಲಿದ್ದೆ, ಬಾವ ಎಲ್ಲಿದ್ದರು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ಬೇರೆ... ಅದನ್ನೇ ಹೇಳುತ್ತೇನೆ.

ನನ್ನದೊಂದು ಪಿಕಪ್ ಗಾಡಿ. ಎಚ್.ಡಿ. ಕೋಟೆ ಸುತ್ತಮುತ್ತ ಶುಂಠಿ, ಬಾಳೆಗೊನೆ ಸಾಗಿಸುವುದು ನನ್ನ ಕೆಲಸ. ಹೊಲದ ದಾರಿಯಲ್ಲಿ ಲೋಡ್ ತುಂಬಿದರೆ ಹಿಂಭಾಗ ಕುಸಿದು ಬಾಡಿ ಟಯರಿಗೆ ಉಜ್ಜುತ್ತಿತ್ತು. ಅದಕ್ಕೇ ಹಿಂದಿನ ಎರಡೂ ಕಡೆ ಭಾರ ಹೊರುವ ಕಮಾನ್ ಪಟ್ಟಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿ, ಶಾಕ್ ಅಬ್ಸಾರ್ಬರನ್ನೂ ಗಟ್ಟಿಯದು ಹಾಕಿಸಿದೆ. ಗಾಡಿ ಸೊಂಟ ಎತ್ತಿ ನಿಂತಿತು. ನಾನೂ ಮೀಸೆ ತಿರುವಿಕೊಂಡು ಓಡಾಡಿದೆ. ಮೂರನೇ ದಿನಕ್ಕೆ ಶುರುವಾಯಿತು ನೋಡಿ... ಕಟಕ್... ಕಟಕ್... ಕಟಕ್.

ಹುಣಸೂರಿನ ಮೆಕ್ಯಾನಿಕ್ ಬುಷ್ ಬದಲಾಯಿಸಿದ. ಪಿರಿಯಾಪಟ್ಟಣದವನು ಪಿನ್ನುಗಳನ್ನೆಲ್ಲ ಬಿಚ್ಚಿ ಗ್ರೀಸ್ ಬಳಿದ. ಕೆ.ಆರ್. ನಗರದವನು ಸುತ್ತ ಒಂದು ಸಲ ನೋಡಿ, 'ಪಟ್ಟಿ ಹೊಸದು, ಪಳಗ್ಬೇಕು' ಅಂದ. ಎತ್ತೇ ಪಳಗಲು ಇಷ್ಟು ದಿನ ಬೇಡ! ಸದ್ದು ಮಾತ್ರ ಹಾಗೇ ಇತ್ತು. ಖಾಲಿ ಗಾಡಿಯಲ್ಲಿ ಉಸಿರೆತ್ತುತ್ತಿರಲಿಲ್ಲ, ಭಾರ ಬಿದ್ದ ಕೂಡಲೇ ಶುರು. ನಿದ್ದೆಯಲ್ಲೂ ಅದೇ ಕೇಳಿ ನನಗೆ ತಲೆ ಕೆಟ್ಟು ಹೋಗಿತ್ತು.

ಕೊನೆಗೆ ಬಾವನ ಹತ್ತಿರ ಹೋದೆ. ಬಸಪ್ಪ ಬಾವ, ನನ್ನ ಅಕ್ಕನ ಗಂಡ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಬಹಳ ವರ್ಷ ಗ್ಯಾರೇಜ್ ನಡೆಸಿ, ಕಣ್ಣು ಮಂಜಾದ ಮೇಲೆ ಬಿಟ್ಟವರು. ಅಪ್ಪ ಹೋದಾಗ ನನಗೆ ಒಂಬತ್ತು ವರ್ಷ. ಅಲ್ಲಿಂದ ನನ್ನನ್ನು ಸಾಕಿ, ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದ್ದು ಅವರೇ. ನನ್ನ ಪಾಲಿಗೆ ಅಪ್ಪನೂ ಅವರೇ ಅಂದರೆ ತಪ್ಪಿಲ್ಲ.

"ಮೊದ್ಲೇ ನನ್ನತ್ರ ಬರಕ್ಕೇನಾಗಿತ್ಲಾ? ಕಣ್ಣು ಓಗ್ಯದೆ, ಕಿವಿ ಓಗಿಲ್ಲ" ಅಂತ ಬೈದರು.

ಬಾವನದು ಹಳೇ ಕಾಲದ ವಿದ್ಯೆ. ಗಾಡಿಯ ಹಿಂದೆ ಮರಳು ಚೀಲ ಹೇರಿ, ಅದರ ಪಕ್ಕ ತಾವೇ ಮಲಗುತ್ತಾರೆ. ಒಂದು ಮರದ ಕೋಲಿನ ಒಂದು ತುದಿ ತಳದ ತಗಡಿಗೆ, ಇನ್ನೊಂದು ತುದಿ ಕಿವಿಗೆ. ಗಾಡಿ ಓಡುತ್ತಿದ್ದರೆ ಸದ್ದು ಹುಟ್ಟುವ ಜಾಗ ಕೋಲಿನೊಳಗಿಂದ ಕೇಳುತ್ತದಂತೆ.

"ಕ್ಯಾಬಿನ್ ಹಿಂದುಕ್ಕೆ ಒಂದ್ಸಲ ಬಡುದ್ರೆ ಎಡ್ಗಡೆ ಅಂತ. ಎರಡ್ಸಲ ಬಡುದ್ರೆ ಬಲ್ಗಡೆ. ಮೂರ್ಸಲ ಬಡುದ್ರೆ ಗಾಡಿ ನಿಲ್ಸು. ಅಷ್ಟೆ ಕಣ್ಲಾ."

ಹಗಲಲ್ಲಿ ಬಸ್ಸು, ಟ್ರ್ಯಾಕ್ಟರ್ ಗದ್ದಲದಲ್ಲಿ ಏನೂ ಕೇಳುವುದಿಲ್ಲ. ಅದಕ್ಕೇ ಕತ್ತಲಾದ ಮೇಲೆ ಹೊರಟೆವು. ಅಂತರಸಂತೆ ದಾಟಿ, ಕಾಕನಕೋಟೆ ಕಾಡಿನ ಅಂಚಿಗೆ ಹೋಗುವ ಒಂದು ಅಡ್ಡರಸ್ತೆಗೆ ಇಳಿದೆವು. ಒಂದು ಕಡೆ ಹೊಲ, ಇನ್ನೊಂದು ಕಡೆ ಆನೆ ಬರದಂತೆ ತೋಡಿದ ಕಂದಕ, ಅದರಾಚೆ ಕಾಡು. ಮರಳು ಚೀಲದ ನಡುವೆ ಕಾಲು ಚಾಚಲು ಜಾಗ ಸಾಲದೆ ಬಾವ ಹಿಂದಿನ ಡೋರ್ ಇಳಿಬಿಟ್ಟರು.

"ಬಾವ, ಡೋರ್ ಆಕ್ಬುಡಿ. ಬಿದ್ಗಿದ್ದೀರಿ."

"ಬಾಯ್ ಮುಚ್ಕೊಂಡ್ ಓಡ್ಸಲಾ. ನಾನು ನೋಡ್ದೇ ಇರೋ ಗಾಡಿಯಾ?"

ನಾನು ಡೋರನ್ನು ಹಾಗೇ ಬಿಟ್ಟು ಮುಂದೆ ಹೋಗಿ ಕೂತೆ. ಹಾಗೆ ಬಿಡಬಾರದಿತ್ತು.

ಚಳಿಗೆ ಗ್ಲಾಸು ಏರಿಸಿಕೊಂಡು ಹೊರಟೆ. ಹೆಡ್‌ಲೈಟಿನ ಬೆಳಕು ಬಿಟ್ಟರೆ ಸುತ್ತ ಗವ್ವನೆ ಕತ್ತಲು. ಕನ್ನಡಿಯಲ್ಲೂ ಬರೀ ಕಪ್ಪು. ಕಟಕ್... ಕಟಕ್... ಸದ್ದು ಕೇಳುತ್ತಲೇ ಇತ್ತು. ಒಂದು ಮೋರಿಯ ಹತ್ತಿರ ಹಂಪ್ ಇದ್ದದ್ದು ನನ್ನ ಗಮನಕ್ಕೆ ಬರುವ ಹೊತ್ತಿಗೆ ಚಕ್ರ ಅದರ ಮೇಲೇರಿತ್ತು. ಗಟ್ಟಿ ಪಟ್ಟಿಯಲ್ಲವೆ, ಗಾಡಿ ಹಿಂದಿನಿಂದ ಒದ್ದ ಹಾಗೆ ಎಗರಿತು. ಚೀಲಗಳು ದಬದಬ ಕುಲುಕಿದವು.

ಅಲ್ಲಿಂದ ಸ್ವಲ್ಪ ಮುಂದೆ ಹೋಗಿರಬೇಕು...

"ಮಾದೇಶಾ..."

ದೂರದಿಂದ ನನ್ನ ಹೆಸರು. ಗ್ಲಾಸು ಏರಿಸಿದ್ದರೂ ಕಿವಿಯ ಪಕ್ಕದಲ್ಲೇ ಕೂಗಿದಷ್ಟು ಸ್ಪಷ್ಟ.

"ಮಾದೇಶಾ..."

ನಮ್ಮ ಕಡೆ ಒಂದು ಕಟ್ಟಳೆ ಇದೆ. ಕತ್ತಲಾದ ಮೇಲೆ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರನೇ ಕೂಗಿನ ತನಕ 'ಓ' ಅನ್ನಬಾರದು. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ಮತ್ತೊಂದಾದರೆ ಎರಡಕ್ಕೇ ನಿಲ್ಲುತ್ತದೆ. ಅವ್ವ ಚಿಕ್ಕಂದಿನಿಂದ ತಲೆಗೆ ತುಂಬಿದ್ದು. ಹಗಲು ಹೊತ್ತು ಇದನ್ನೆಲ್ಲ ಆಡಿಕೊಂಡು ನಗುವ ನಾನು ಆಗ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಮೂರನೆಯದಕ್ಕೆ ಕಾದೆ.

ಮೂರನೇ ಕೂಗು ಬರಲಿಲ್ಲ. ಬದಲಿಗೆ ನನ್ನ ಬೆನ್ನ ಹಿಂದೆ, ಕ್ಯಾಬಿನ್ನಿನ ತಗಡಿಗೆ...

ಟಕ್.

ಒಂದೇ ಸಲ. ಎಡಗಡೆ! ಎಷ್ಟು ಸಮಾಧಾನವಾಯಿತು ಅಂದರೆ ನಾನು ಒಬ್ಬನೇ ನಕ್ಕುಬಿಟ್ಟೆ. ಬಾವ ಹಿಂದೆಯೇ ಇದ್ದಾರೆ, ಕೂಗಿದ್ದು ಏನಾದರೂ ಆಗಿರಲಿ ಅವರಂತೂ ಅಲ್ಲ. ಅಲ್ಲಿಂದ ಬೇಗ ದಾಟಿಕೊಂಡರೆ ಸಾಕು ಅಂತ ಗಾಡಿಯನ್ನು ಜೋರು ಮಾಡಿದೆ.

ಆಗಲೇ ಅಕ್ಕನ ಕಾಲ್ ಬಂದದ್ದು.

"ಎಲ್ಲಿದ್ದೀರ್ಲಾ? ನಿಮ್ ಬಾವ ಮಾತ್ರೆ ನುಂಗೋ ಒತ್ತಾಯ್ತು."

"ಹಿಂದ್ಗಡೆ ಮಲ್ಗವ್ರೆ ಅಕ್ಕ, ಸದ್ದು ಕೇಳ್ತಾವ್ರೆ."

ಟಕ್.

"ಅದೇನ್ಲಾ ಅದು, ಟಕ್ ಅಂತು?" ಅಂದಳು ಅಕ್ಕ. ಅವಳಿಗೂ ಕೇಳಿಸಿತ್ತು.

"ಬಾವನೇ ಬಡಿತಾ ಇರೋದು. ಎಡಗಡೆ ಅಂತ. ಇನ್ನೇನ್ ಬತ್ತೀವಿ ಬುಡು."

ಇನ್ನೂ ಎರಡು ಸಲ ಬಡಿತ ಬಂತು. ಎರಡೂ ಎಡಗಡೆಗೇ. ನಾಲ್ಕು ಕಿಲೋಮೀಟರಾದರೂ ಹೋಗಿದ್ದೆ. ಆಮೇಲೆ ಟಕ್ ಟಕ್ ಟಕ್... ನಿಲ್ಲಿಸು. ನಿಲ್ಲಿಸಿದೆ. ಇಂಜಿನ್ ಆಫ್ ಮಾಡಿ, ಇಳಿದು ಹಿಂದಕ್ಕೆ ಹೋದೆ.

"ಸಿಕ್ತಾ ಬಾವ?"

ಮೊಬೈಲ್ ಟಾರ್ಚ್ ಹಾಕಿದೆ. ಮರಳು ಚೀಲ ಇದ್ದವು. ಬಾವ ಮಲಗಿದ್ದ ಗೋಣಿತಾಟು ಇತ್ತು. ಕೋಲು ಒಂದು ಮೂಲೆಯಲ್ಲಿ ಬಿದ್ದಿತ್ತು. ಅವರು ಸೇದುವ ನಸ್ಯದ ವಾಸನೆ ಈಗ ತಾನೇ ಡಬ್ಬಿ ತೆಗೆದ ಹಾಗೆ ಘಾಟಾಗಿ ಮೂಗಿಗೆ ಬಡಿಯಿತು.

ಬಾವ ಮಾತ್ರ ಇರಲಿಲ್ಲ.

ಇಳಿದು ಹೋಗಿದ್ದಾರೆ ಅನ್ನೋಣವೆಂದರೆ ಬಡಿತ ನಿಂತು ಒಂದು ನಿಮಿಷವೂ ಆಗಿರಲಿಲ್ಲ. ಗಾಡಿಯ ಕೆಳಗೆ ನೋಡಿದೆ. ಕಂದಕಕ್ಕೆ ಬೆಳಕು ಬಿಟ್ಟು ನೋಡಿದೆ. "ಬಾವಾ... ಬಾವಾ..." ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಆಚೆ ಕಾಡಿನಲ್ಲಿ ಬಿದಿರು ಮುರಿಯುವ ಸದ್ದು ಬಂತು. ಗಾಳಿಯಲ್ಲಿ ಆನೆ ಲದ್ದಿಯ ವಾಸನೆ. ಆಗ ನನಗೆ ಆ ಹಂಪ್ ನೆನಪಾಯಿತು. ಆ ಎರಡು ಕೂಗೂ ನೆನಪಾದವು... ಅಯ್ಯೋ, ಅದು ಬಾವನೇ ಕೂಗಿದ್ದು!

ಗಾಡಿ ತಿರುಗಿಸಿದೆ. ಕಣ್ಣೀರಿನಲ್ಲಿ ರಸ್ತೆ ಕಾಣುತ್ತಿರಲಿಲ್ಲ. ಆನೆ ರಸ್ತೆಗೆ ಇಳಿದಿದ್ದರೆ? ತಲೆಗೆ ಏಟು ಬಿದ್ದಿದ್ದರೆ? ಅಷ್ಟರಲ್ಲಿ ಮತ್ತೆ ಫೋನು.

"ಮುದ್ದೆಗೆ ಎಸರು ಇಡ್ಲಾ? ಬತ್ತಾ ಇದ್ದೀರಾ?"

"ಇಡು ಅಕ್ಕ" ಅಂದೆ.

ದೇವರೇ ಮಾದಪ್ಪ, ನನ್ನ ಗಾಡಿ ಬೇಕಾದರೆ ತಗೋ, ಬಾವನನ್ನು ಮಾತ್ರ ಕೊಡು ಅಂತ ಬೇಡಿಕೊಳ್ಳುತ್ತಾ ಓಡಿಸಿದೆ. ಮೋರಿಯ ಪಕ್ಕ, ರಸ್ತೆ ಅಂಚಿನ ಲಂಟಾನ ಪೊದೆಗೆ ಒರಗಿ ಬಾವ ಬಿದ್ದಿದ್ದರು. ಬಲಗಾಲು ತೊಡೆಯ ಹತ್ತಿರ ಸೊಟ್ಟಗಾಗಿತ್ತು. ಮುಖದ ತುಂಬ ರಕ್ತ. ಉಸಿರಿತ್ತು. ನಾನು ಹತ್ತಿರ ಕೂತು ಗೋಳೋ ಅಂತ ಅತ್ತೆ.

ಬಾವ ಕಣ್ಣು ಬಿಡದೆಯೇ ಅಂದರು, "ಲೈಟ್ ತರಕ್ಕೆ ಇಷ್ಟೊತ್ತಾ ಮಾದೇಶ?"

ಏಟಿಗೆ ಏನೋ ಬಡಬಡಿಸುತ್ತಿದ್ದಾರೆ ಅಂದುಕೊಂಡೆ. ಹೇಗೆ ಎತ್ತಿದೆನೋ, ಗಾಡಿಗೆ ಹೇಗೆ ಹಾಕಿದೆನೋ ನನಗೇ ಗೊತ್ತಿಲ್ಲ. ಈ ಸಲ ನನ್ನ ಪಕ್ಕದ ಸೀಟಿನಲ್ಲೇ ಒರಗಿಸಿ ಬೆಲ್ಟು ಬಿಗಿದೆ. ಎಚ್.ಡಿ. ಕೋಟೆ ಆಸ್ಪತ್ರೆ ಮುಟ್ಟುವವರೆಗೆ ಗಾಡಿ ಕಟಕ್ ಅಂದಾಗಲೆಲ್ಲ ಅವರು ನರಳಿದರು. ಆ ರಾತ್ರಿ ನನಗೆ ಬಂದ ಕೋಪಕ್ಕೆ ಆ ಗಾಡಿಯನ್ನು ಸುಟ್ಟೇ ಹಾಕುತ್ತಿದ್ದೆ.

ಸುಡಲಿಲ್ಲ. ಬಾವ ಬದುಕಿಕೊಂಡರು. ತೊಡೆಗೆ ರಾಡ್ ಹಾಕಿದರು, ಈಗ ಕೋಲೂರಿಕೊಂಡು ನಡೆಯುತ್ತಾರೆ. ಹದಿನೈದು ದಿನ ಬಿಟ್ಟು ಗಾಡಿಯನ್ನು ಬಿಚ್ಚಿಸಿದಾಗ ಎಡಗಡೆಯ ಪಟ್ಟಿಗಳನ್ನು ಹಿಡಿದಿಡುವ ನಡುವಿನ ಬೋಲ್ಟ್ ಎರಡು ತುಂಡಾಗಿತ್ತು. ಬಲಗಡೆಯದಕ್ಕೆ ಏನೂ ಆಗಿರಲಿಲ್ಲ. ಬೋಲ್ಟ್ ಬದಲಾಯಿಸಿದ ಮೇಲೆ ಸದ್ದು ನಿಂತಿತು. ಬಡಿದವರು ಯಾರೇ ಆಗಿರಲಿ, ಸರಿಯಾಗಿಯೇ ಹೇಳಿದ್ದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನೂ ಎಲ್ಲವನ್ನೂ ಮರೆತು ಬಿಡುತ್ತಿದ್ದೆನೇನೋ. ಆದರೆ ಬಾವ ಆಸ್ಪತ್ರೆಯಿಂದ ಮನೆಗೆ ಬಂದ ದಿನ, ನೋಡಲು ಬಂದವರ ಮುಂದೆ ಹೇಳಿದರು:

"ಬಿದ್ದ ಏಟಿಗೆ ಉಸ್ರೇ ನಿಂತೋಗಿತ್ತು. ಎಂಗೋ ಮಾಡಿ ಎರಡ್ಸಲ ಕೂಗ್ದೆ. ಗಾಡಿ ಓಯ್ತಾನೇ ಇತ್ತು. ಆನೆ ಬೇರೆ ಪಕ್ಕದಲ್ಲೇ ಬಿದಿರು ಮುರಿತಾ ಅದೆ. ಮುಗೀತು ನನ್ ಕತೆ ಅಂದ್ಕೊಂಡು ಮೂರ್ನೇ ಸಲ ಸಣ್ಣಕೆ ಅಂದೆ ಕಣ್ರಪ್ಪ. ಪಕ್ಕದಲ್ಲೇ 'ಓ ಬಾವ' ಅಂದ ನಮ್ ಮಾದೇಶ! ಯಾವಾಗ್ ಇಳುದ್ನೋ, ಯಾವಾಗ್ ಓಡ್ಬಂದ್ನೋ. ಅಷ್ಟೊತ್ತೂ ಕೈ ಇಡ್ಕೊಂಡ್ ಕೂತಿದ್ದ. ಆಮ್ಯಾಕೆ ಲೈಟ್ ತತ್ತೀನಿ ಅಂತ ಎದ್ದೋದ. ಅವ್ನು ಕೂತಿರ್ನಿಲ್ಲ ಅಂದಿದ್ರೆ ನಾನು ಆ ಕತ್ಲೇಲೇ ಪ್ರಾಣ ಬುಟ್ಬುಡ್ತಿದ್ದೆ."

ಬಂದವರೆಲ್ಲ ನನ್ನ ಬೆನ್ನು ತಟ್ಟಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಎರಡೂ ಕೈ ಹಿಡಿದಳು. ನಾನು ಆ ಹೊತ್ತಿನಲ್ಲಿ ನಾಲ್ಕು ಕಿಲೋಮೀಟರ್ ದೂರದಲ್ಲಿದ್ದೆ, ಕೂಗು ಕೇಳಿಯೂ ನಿಲ್ಲಿಸದೆ ಓಡಿಹೋದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಮನೆಯವರಿಗೆ ಇವತ್ತಿನವರೆಗೂ ಹೇಳಿಲ್ಲ.

"ಕೈ ಮಾತ್ರ ತಣ್ಣಗ್ ಕೊರಿತಿತ್ತು ಕಣ್ಲಾ. ಚಳೀಲಿ ಸ್ವೆಟರ್ ಆಕ್ಕೊ ಅಂದ್ರೆ ಕೇಳಕ್ಕಿಲ್ಲ ನೀನು" ಅಂತ ಬಾವ ಆಗಾಗ ಗದರುತ್ತಾರೆ.

ಈಗ ಅವರನ್ನು ಬಚ್ಚಲಿಗೋ ಜಗಲಿಗೋ ಕರೆದುಕೊಂಡು ಹೋಗುವಾಗ ನಾನೇ ಕೈ ಹಿಡಿಯುತ್ತೇನೆ. ಹಿಡಿದ ಕೂಡಲೇ ಬಾವ ಒಂದು ಗಳಿಗೆ ಹಾಗೇ ನಿಲ್ಲುತ್ತಾರೆ. ಮಂಜುಗಣ್ಣಲ್ಲಿ ನನ್ನ ಮುಖ ನೋಡುತ್ತಾ ನನ್ನ ಬೆಚ್ಚಗಿನ ಬೆರಳುಗಳನ್ನು ಒಂದೊಂದಾಗಿ ಸವರುತ್ತಾರೆ. ಆಮೇಲೆ ಕೋಲೂರಿ ಹೆಜ್ಜೆ ಇಡುತ್ತಾರೆ...