ಪರದೇಶಕ್ಕೆ ಹೊರಟ ಪೆಟ್ಟಿಗೆಯ ಉಡಿ

ಸರ್ಕಾರದ ಅಣುಶಕ್ತಿ ಕಂಪನಿಗೂ ನಮ್ಮ ಮನೆಗೂ ಇರುವ ನಂಟು ಕಟ್ಟಿಗೆಯದು. ಶಿಗ್ಗಾಂವದ ಹೆದ್ದಾರಿ ಪಕ್ಕ ನಮ್ಮದೊಂದು ಪೆಟ್ಟಿಗೆ ಮಾಡುವ ಶೆಡ್ಡು. ಮಾವನವರ ಕಾಲದಲ್ಲಿ ಹಾನಗಲ್ಲಿನಲ್ಲಿ ಮಾವಿನಹಣ್ಣಿನ ಪೆಟ್ಟಿಗೆ ಬಡಿಯುತ್ತಿದ್ದರು. ಹಣ್ಣಿನ ಸುಗ್ಗಿ ಮುಗಿದರೆ ಸುತ್ತಿಗೆಗೂ ರಜೆ. ನಮ್ಮ ಮನೆಯವರು ಅದನ್ನು ಬಿಟ್ಟು ಯಂತ್ರದ ಭಾಗ ಕಳಿಸುವ ದೊಡ್ಡ ಪೆಟ್ಟಿಗೆಗೆ ಕೈ ಹಾಕಿದರು. ಅಣು ವಿದ್ಯುತ್ ಕೇಂದ್ರಗಳಿಗೆ ಹೋಗುವ ವಾಲ್ವುಗಳು ಎಷ್ಟೋ ವರ್ಷದಿಂದ ನಮ್ಮ ಪೆಟ್ಟಿಗೆಯೊಳಗೇ ಕೂತು ಹೋಗುತ್ತಿವೆ. "ಬಾಂಬಿನ ಪೆಟ್ಟಿಗಿ ಮಾಡ್ತೀರಂತಲ್ರಿ?" ಎಂದು ಕೇಳುವವರು ಈಗಲೂ ಇದ್ದಾರೆ. ವಾಲ್ವು ಅಂದರೆ ದೊಡ್ಡ ನಲ್ಲಿ, ಅಷ್ಟೇ, ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಎಲ್ಲ ಸುಸೂತ್ರ ನಡೆದಿರುವಾಗ ಕಂಪನಿಯನ್ನು ಸುಧಾರಿಸಬೇಕೆಂದು ಮೇಲಿನವರಿಗೆ ಅನ್ನಿಸಿತು. ಒಂದಿದ್ದದ್ದು ಮೂರಾಯಿತು. ಕೇಂದ್ರ ನಡೆಸಲಿಕ್ಕೆ ಒಂದು, ಯಂತ್ರದ ಭಾಗ ಮಾಡಲಿಕ್ಕೆ ಇನ್ನೊಂದು, ಅವನ್ನು ಪರದೇಶಕ್ಕೆ ಮಾರಲಿಕ್ಕೆ ಮತ್ತೊಂದು. ಇನ್ನು ಮುಂದೆ ಬೇರೆ ದೇಶಗಳಿಗೆ ನಾವೇ ಅಣು ವಿದ್ಯುತ್ ಕೇಂದ್ರ ಕಟ್ಟಿಕೊಡುತ್ತೇವಂತೆ. ಒಳ್ಳೆಯದೇ, ಬೇಡ ಅನ್ನಲು ನಾನ್ಯಾರು? ಆದರೆ ಅಣ್ಣತಮ್ಮಂದಿರು ಬೇರೆಯಾದಾಗ ಹಿತ್ತಲಿನ ಹುಣಸೆಮರ ಯಾರಿಗೆಂದು ಇತ್ಯರ್ಥವಾಗದೆ ಉಳಿಯುತ್ತದಲ್ಲ, ಹಾಗೆ ಪೆಟ್ಟಿಗೆ ಮಾಡುವ ನಾವು ಯಾರ ಪಾಲಿಗೂ ಬರದೆ ಉಳಿದೆವು.

ಶೆಡ್ಡಿನ ಫೋನು ನನ್ನ ಕೈಯಲ್ಲಿರುತ್ತದೆ. ಕೇಂದ್ರ ನಡೆಸುವವರಿಗೆ ಹಚ್ಚಿದರೆ, "ನೀವು ಈಗ ನಮ್ಮ ಕಡೆ ಬರೂದಿಲ್ರಿ, ಮಾರಾಟದವ್ರನ್ನ ಕೇಳ್ರಿ" ಎಂದರು. ಮಾರಾಟದವರು, "ಪೆಟ್ಟಿಗಿ ಅಂದ್ರ ತಯಾರಿ ಮಾಡೋರದು, ನಮಗೇನ್ರಿ ಸಂಬಂಧ?" ಎಂದರು. ತಯಾರಿಯವರು ಮಾತ್ರ ಬಹಳ ಮರ್ಯಾದೆಯಿಂದ, "ನಮ್ಮ ಬಾಗಲಿಗೆ ಹಾಕೂ ಫಲಕಾನ ಇನ್ನೂ ಬಂದಿಲ್ರಿ ಅಕ್ಕಾರ. ಅದು ಬಂದಮ್ಯಾಲ ಹಚ್ಚರಿ" ಎಂದರು. ಒಲೆಯ ಮೇಲಿನ ಬೇಳೆ ಎರಡು ಸಲ ಸೀದದ್ದು ಈ ಫೋನುಗಳಿಂದ.

ಕೊನೆಗೆ ಮಾರಾಟದ ಕಂಪನಿಯೇ ನಮ್ಮನ್ನು ಕರೆಯಿತು. ಮೊದಲ ಸಲ ವಾಲ್ವುಗಳು ಸಮುದ್ರ ದಾಟಬೇಕು, ಪೆಟ್ಟಿಗೆ ಮಾಡಿಕೊಡಿ. ಪಾಸಾದರೆ ಮುಂದೆಯೂ ನೀವೇ, ಇಲ್ಲವಾದರೆ ದೊಡ್ಡ ಊರಿನವರು ಕಾದು ಕೂತಿದ್ದಾರೆ ಎಂದರು. ಇಲ್ಲವಾದರೆ ಎಂಬುದರ ಅರ್ಥ ನಮ್ಮ ಬಡಿಗರಿಗೂ ಗೊತ್ತಿತ್ತು. ಮತ್ತೆ ಮಾವಿನಹಣ್ಣಿನ ಪೆಟ್ಟಿಗೆ, ಮತ್ತೆ ಸುಗ್ಗಿ ಮುಗಿದ ಮೇಲೆ ಕೈಕಟ್ಟಿ ಕೂರುವುದು.

ಪರದೇಶದವರ ನಿಯಮ ಕಟ್ಟುನಿಟ್ಟು. ನಮ್ಮ ಹುಳ ಅವರ ಕಾಡಿಗೆ ಹೋಗಬಾರದು. ಹಾಗಾಗಿ ಕಟ್ಟಿಗೆಯನ್ನು ಒಳಗಿನ ತನಕ ಕಾಯಿಸಿ ಮುದ್ರೆ ಒತ್ತಿಸಬೇಕು. ಪೆಟ್ಟಿಗೆಯೊಳಗೆ ತೊಗಟೆ, ಹುಲ್ಲು, ಕಾಳು ಯಾವುದೂ ಇರಕೂಡದು. ಇದನ್ನೆಲ್ಲ ನಾನೇ ಬಡಿಗರಿಗೆ ಓದಿ ಹೇಳಿದೆ. ಅತ್ತೆಗೆ ಹೇಳಲಿಲ್ಲ. ಅವರೇನು ಮೊಳೆ ಹೊಡೆಯುವವರೇ?

ಖಾಲಿ ಪೆಟ್ಟಿಗೆಗಳು ಲಾರಿ ಏರಿ ಹುಬ್ಬಳ್ಳಿ ಕಡೆಯ ಗೋದಾಮಿಗೆ ಹೋದ ಮರುದಿನವೇ, ಪೆಟ್ಟಿಗೆ ತಪಾಸಣೆ ಮಾಡುವ ಮೇಡಮ್ಮಿನ ಫೋನು ಬಂತು. "ನಿಮ್ಮ ಪೆಟ್ಟಿಗ್ಯಾಗ ಏನೈತಿ, ಬಂದು ನೋಡ್ರಿ."

ಗಂಡ ಹೆಂಡತಿ ಇಬ್ಬರೂ ಹೋದೆವು. ಒಂದು ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟಿದ್ದರು. ಒಳಗೆ ಮೂಲೆಯಲ್ಲಿ ಹಸಿರು ಕುಪ್ಪಸದ ಖಣ ಹಾಸಿ, ಅದರ ಮೇಲೆ ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು. ಮನೆಮಗಳು ಊರಿಗೆ ಹೊರಟರೆ ಸೆರಗಿನಲ್ಲಿ ಹಾಕಿ ಕಳಿಸುವ ಉಡಿ, ಒಂದೂ ಕಡಿಮೆ ಇಲ್ಲದಂತೆ! ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಉತ್ತತ್ತಿ ನೋಡಿದೆ.

"ಯಾರ ಮದವಿರಿ ಇದು?" ಎಂದರು ಮೇಡಮ್ಮು.

"ನಮ್ಮವ್ವ ವಯಸ್ಸಾದಾಕಿರಿ, ತಿಳೀದ..."

"ಉಡಿ ಅನ್ನೂದು ನನಗೂ ತಿಳೀತೈತ್ರಿ. ನಾನೂ ಸವಣೂರ ಮನಿ ಸೊಸೀನ. ಆದ್ರ ಆ ದೇಶದವ್ರಿಗೆ ಏನಂತ ಹೇಳ್ಲಿ? ಪೆಟ್ಟಿಗಿ ತವರಿಗೆ ಬಂದಿತ್ತು ಅನ್ಲ್ಯಾ?"

ಅವರ ತೀರ್ಮಾನ ಇಷ್ಟು: ಮಿಕ್ಕ ಪೆಟ್ಟಿಗೆಗಳನ್ನು ಅಲ್ಲೇ ಬಿಚ್ಚಿ ತೋರಿಸಬೇಕು. ಈ ಒಂದನ್ನು ವಾಪಸು ಒಯ್ದು, ಹೊಸ ಕಟ್ಟಿಗೆ ಕಾಯಿಸಿ ಹೊಸದು ಮಾಡಬೇಕು. ಅದನ್ನು ಅವರೇ ಶಿಗ್ಗಾಂವಕ್ಕೆ ಬಂದು ನೋಡುತ್ತಾರೆ. ಒಂದು ಕಾಳು ಸಿಕ್ಕರೂ ಕೆಲಸ ಬೇರೆಯವರಿಗೆ.

"ತಪ್ಪಾತು ಅಂತ ಹೇಳಿಕೊಳ್ಳಾಕ ಮೂರರಾಗ ಯಾವ ಆಫೀಸಿಗೆ ಹೋಗಬೇಕ್ರಿ?" ಎಂದು ನಮ್ಮ ಮನೆಯವರು ಕೇಳಿದರು.

ಮೇಡಮ್ಮು ಸ್ವಲ್ಪ ಯೋಚಿಸಿ, "ಅದನ್ನ ಇನ್ನೂ ಹಂಚಿಲ್ರಿ" ಎಂದರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

"ಯವ್ವಾ, ಏನ್ ಮಾಡಿದಿ ಬೇ ನೀ?"

ಅತ್ತೆ ಹಿರೇಕೆರೂರಿನ ಕಡೆಯವರು, ದನಿ ಏರಿಸುವ ರೂಢಿಯಿಲ್ಲ. ಅವರೆಕಾಯಿ ಬಿಡಿಸುತ್ತಲೇ ಹೇಳಿದರು: "ಏನ್ ಮಾಡ್ಲೆಪಾ? ನಮ್ಮ ಮನಿದು ಮೊದಲನೇ ಸಲ ಸಮುದ್ರ ದಾಟಿ ಹೊಂಟಿತ್ತು. ಬರೀ ಉಡೀಲೆ ಕಳಸ್ತಾರೇನು?"

"ಅದು ಪೆಟ್ಟಿಗಿ ಬೇ! ಹುಡುಗಿ ಅಲ್ಲ!"

"ಹುಡುಗಿಗಿಂತ ಹೆಚ್ಚು ಜ್ವಾಕಿ ಮಾಡಿದ್ದಿ. ಕಾಯಿಸಿದಿ, ಒರಸಿದಿ, ಮುದ್ರಿ ಹಾಕಿಸಿದಿ. ಹೇಣ್ತೀನ ಒಂದಿನಾನೂ ಹಂಗ ನೋಡ್ಲಿಲ್ಲ."

ನನಗೆ ನಗು ಬಂತು, ನುಂಗಿಕೊಂಡೆ. ನಮ್ಮ ಮನೆಯವರ ಸಿಟ್ಟು ನನ್ನ ಕಡೆ ತಿರುಗಿತು. "ನೀನರ ಹೇಳಬಾರದಿತ್ತ?"

"ಪೆಟ್ಟಿಗಿಗೆ ಉಡಿ ತುಂಬಬ್ಯಾಡ್ರಿ ಅಂತ ಯಾರರ ಯಾರಿಗರ ಹೇಳಿದ್ದು ಕೇಳೀರೇನ್ರಿ?" ಎಂದೆ. ವಾಪಸು ತಂದ ಅಕ್ಕಿಯನ್ನು ಚೆಲ್ಲುವಂತಿಲ್ಲವೆಂದು ಅತ್ತೆ ಹಟ ಹಿಡಿದರು. ಅದನ್ನೇ ಅನ್ನ ಮಾಡಿದೆ. ನಮ್ಮ ಮನೆಯವರು ಆ ಹೊತ್ತು ರೊಟ್ಟಿ ಮಾತ್ರ ತಿಂದು ಎದ್ದರು.

ಹೊಸ ಪೆಟ್ಟಿಗೆಯ ಕೆಲಸದಲ್ಲಿ ಶೆಡ್ಡು ದೇವರಮನೆಯಾಯಿತು. ನಾನು ಮೂಲೆಮೂಲೆ ಗುಡಿಸಿದೆ. ಬಡಿಗರು ಊಟದ ಡಬ್ಬಿಯನ್ನು ಹೊರಗೆ ಬೇವಿನ ಕೆಳಗೆ ಬಿಚ್ಚಬೇಕೆಂದಾಯಿತು. ಅತ್ತೆ ಶೆಡ್ಡಿನ ಬಾಗಿಲು ದಾಟಕೂಡದೆಂದು ಮಗ ಕೈಮುಗಿದು ಹೇಳಿದರು. ಅತ್ತೆ ದಾಟಲೂ ಇಲ್ಲ. ಅಷ್ಟರ ಮಟ್ಟಿಗೆ ಅವರು ಮಾತಿನವರೇ.

ಮೇಡಮ್ಮು ಬಂದ ದಿನ ನಾನು ಒಳಗೆ ಚಹಾಕ್ಕಿಟ್ಟಿದ್ದೆ. ಚಹಾ ಕುದಿಯುವಷ್ಟು ಹೊತ್ತು, ಅಷ್ಟೇ. ಕಪ್ಪು ಹಿಡಿದು ಹೊರಗೆ ಬಂದು ನೋಡಿದರೆ ಪಡಸಾಲೆಯಲ್ಲಿ ಮೇಡಮ್ಮು ಹಣೆತುಂಬ ಕುಂಕುಮ ಹಚ್ಚಿಸಿಕೊಂಡು, ವೇಲಿನ ಎರಡೂ ಚುಂಗು ಹಿಡಿದು ನಿಂತಿದ್ದಾರೆ. ಅತ್ತೆ ಬೊಗಸೆ ಬೊಗಸೆ ಅಕ್ಕಿ ಹಾಕುತ್ತಿದ್ದಾರೆ!

"ಅತ್ತೀ!" ಎಂದೆ. ಇನ್ನೇನು ಅನ್ನಲಿ?

"ಮುತ್ತೈದಿ ಹೊಸ್ತಿಲ ಮಟ ಬಂದಾಳವಾ. ಬರೇ ಚಾ ಕುಡಿಸಿ ಕಳಸ್ಲೇನು?"

ಮೇಡಮ್ಮಿನ ಮುಖದಲ್ಲಿ ಸಿಟ್ಟಿತ್ತೋ ಸಂಕೋಚವಿತ್ತೋ ಗೊತ್ತಾಗಲಿಲ್ಲ. "ಬ್ಯಾಡ ಅಂದೆರಿ. ನಮ್ಮತ್ತಿ ಮುಂದನೂ ನಂದು ನಡೆಯೂದಿಲ್ಲ, ಇಲ್ಲೂ ನಡೀಲಿಲ್ಲ" ಎಂದರು.

ಈಗ ಅಕ್ಕಿ ಕಟ್ಟಿಕೊಂಡು ಶೆಡ್ಡಿನೊಳಗೆ ಹೋಗುವಂತಿಲ್ಲ, ನಿಯಮ ಅವರದೇ. ಕಾರಿನಲ್ಲಿಟ್ಟು ಬನ್ನಿ ಎಂದು ನಮ್ಮ ಮನೆಯವರು ದಾರಿ ತೋರಿಸಿದರು. ಅತ್ತೆ ಕೇಳಬೇಕಲ್ಲ. "ಉಡಿ ಮನೀಗೆ ಹೋಗಿ ದೇವರ ಮುಂದನ ಬಿಚ್ಚಬೇಕು. ನಡುವ ಬಿಚ್ಚಿದ್ರ ಹೆಂಗ?" ಸವಣೂರಿನ ಸೊಸೆಗೂ ಅದು ಗೊತ್ತಿತ್ತು. ಗಂಟನ್ನು ಬಿಗಿಯಾಗಿ ಸೊಂಟಕ್ಕೆ ಸಿಗಿಸಿಕೊಂಡು, "ಪೆಟ್ಟಿಗೀನ ಹೊರಗ ತರ್ರಿ" ಎಂದರು.

ಆ ಪೆಟ್ಟಿಗೆ ಮನುಷ್ಯರು ಹೊರುವಂಥದ್ದಲ್ಲ. ಬಡಿಗರು, ನಮ್ಮ ಮನೆಯವರು, ಕಾರಿನ ಚಾಲಕ ಎಲ್ಲರೂ ಸೇರಿ ಕೊಳವೆಗಳ ಮೇಲೆ ಉರುಳಿಸುತ್ತ ಬಿಸಿಲಿಗೆ ತಂದರು. ಹೆದ್ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡತೊಡಗಿದರು. ಮೇಡಮ್ಮು ಕಟ್ಟೆಯ ಮೇಲೇ ನಿಂತಿದ್ದರು.

"ಸನೇ ತರಬ್ಯಾಡ್ರಿ! ಅಲ್ಲೇ ಇರ್ಲಿ. ಮುಚ್ಚಳ ತಗೀರಿ. ಈ ಕಡೆ ಹೊಳ್ಳಸ್ರಿ. ಇನ್ನಷ್ಟು. ಮುದ್ರಿ ಕಾಣವಲ್ದು, ಮತ್ತ ಹೊಳ್ಳಸ್ರಿ."

ಹೊರಳಿಸಿದರು. ಮುದ್ರೆ ಕಂಡಿತು. ಒಳಗೆ ಕಟ್ಟಿಗೆಯ ಬಣ್ಣವಲ್ಲದೆ ಬೇರೇನೂ ಇರಲಿಲ್ಲ. ಅಲ್ಲಿಂದಲೇ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, "ಪಾಸ್ ರಿ. ಮುಂದಿನ ಪೆಟ್ಟಿಗೀನೂ ನೀವ ಮಾಡ್ರಿ" ಎಂದರು.

"ಯಾವ ಕಂಪನಿ ಹೆಸರಿಗೆ ಮಾಡೂದ್ರಿ?" ನಮ್ಮ ಮನೆಯವರಿಗೆ ಏದುಸಿರು ನಿಂತಿರಲಿಲ್ಲ.

"ಸದ್ಯಕ್ಕ ಹಳೇದ ಇರ್ಲಿ."

ಕಾರು ಹೋಯಿತು. ನಮ್ಮ ಮನೆಯವರು ಪೆಟ್ಟಿಗೆಯ ಅಂಚಿಗೆ ಒರಗಿ ಅಂಗಿಯ ತುದಿಯಿಂದ ಬೆವರು ಒರೆಸಿಕೊಳ್ಳುತ್ತಿದ್ದರು. ಪಡಸಾಲೆಯಿಂದ ಅತ್ತೆಯ ದನಿ ಬಂತು.

"ಪಾಸಾತಂತ? ಮತ್ತ ನೋಡ್ಪಾ, ಉಡಿ ತುಂಬಿದ್ದಕ್ಕ."

ಅವರು ಬಡಿಗರನ್ನು ಕರೆದು ಪೆಟ್ಟಿಗೆಗೆ ಮುಚ್ಚಳ ಹಾಕಿಸತೊಡಗಿದರು. ಚಹಾ ಆರಿತ್ತು. ಮತ್ತೊಮ್ಮೆ ಕಾಯಿಸಲು ನಾನು ಒಳಗೆ ಹೋದೆ.