ಮೇಷ್ಟ್ರು ಓದಿಸದ ಹಾಳೆ

ಅವನು ಶಾಲೆಯಲ್ಲಿ ಪಾಠ ಹೇಳಿದವನಲ್ಲ. ಹತ್ತನೆಯ ತರಗತಿಯನ್ನೇ ಎರಡು ಸಲ ಕೂತು ದಾಟಿದವನು. ಆದರೂ ಗ್ಯಾರೇಜುಗಳ ಬೀದಿಯಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಾರಿನ ಎಂಜಿನ್ ಕಂಪ್ಯೂಟರಿನಲ್ಲಿ ಕಂಪನಿ ಬರೆದಿಟ್ಟ ಲೆಕ್ಕವನ್ನು ತೆಗೆದು, ಬೇರೆ ಲೆಕ್ಕ ಬರೆದು, ಗಾಡಿಯ ಎಳೆತ ಹೆಚ್ಚಿಸುವುದು ಅವನ ಕಸುಬು. ಬಂದವರ ಕೈಗೆ ಮೊದಲು ಒಂದು ಹಾಳೆ ಕೊಡುತ್ತಿದ್ದ. ಅದನ್ನು ಗಟ್ಟಿಯಾಗಿ ಓದಿ ಸಹಿ ಹಾಕುವವರೆಗೆ ಲ್ಯಾಪ್‌ಟಾಪ್ ತೆರೆಯುತ್ತಿರಲಿಲ್ಲ.

"ಕಣ್ಣಾಡಿಸಿದೆ ಬಿಡಿ ಮೇಷ್ಟ್ರೇ, ಎಲ್ಲಿ ಸಹಿ ಹಾಕ್ಬೇಕು ಹೇಳಿ."

"ಕಣ್ಣಾಡಿಸಿದ್ರೆ ಸಾಲದು. ಬಾಯಿ ಆಡ್ಲಿ."

"ಮದುವೆ ಆಗುವಾಗ್ಲೂ ನನ್ನನ್ನ ಯಾರೂ ಇಷ್ಟು ಓದಿಸಿರ್ಲಿಲ್ಲ."

"ಓದಿಸಿದ್ರೆ ಆಗ್ತಿದ್ರಾ?"

ನಗುತ್ತಲೇ ಓದುತ್ತಿದ್ದರು. ಎಂಜಿನ್ ಕೆಟ್ಟರೆ ಕಂಪನಿ ವಾರಂಟಿ ಕೊಡದೆ ಹೋಗಬಹುದು. ಈ ಬದಲಾವಣೆಯನ್ನು ವಿಮಾ ಕಂಪನಿಗೆ ಬರೆದು ತಿಳಿಸಬೇಕು, ತಿಳಿಸದಿದ್ದರೆ ಅಪಘಾತವಾದ ದಿನ ಅವರು ಕೈ ಎತ್ತಬಹುದು. ಸಾರಿಗೆ ಕಚೇರಿಯ ಒಪ್ಪಿಗೆಯಿಲ್ಲದೆ ಗಾಡಿಯನ್ನು ರಸ್ತೆಗಿಳಿಸುವುದು ಕಾನೂನಿಗೆ ವಿರುದ್ಧ. ಓದುತ್ತಾ ಹೋದಂತೆ ಕೆಲವರ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಹತ್ತರಲ್ಲಿ ಇಬ್ಬರು ಹಾಳೆ ವಾಪಸ್ ಕೊಟ್ಟು ಹೊರಟುಹೋಗುತ್ತಿದ್ದರು. ಅವರಿಗೆ ಅವನು ಬಾಗಿಲವರೆಗೆ ಬಂದು ಕೈ ಬೀಸುತ್ತಿದ್ದ.

ಈ ಹಟ ಸುಮ್ಮನೆ ಬಂದದ್ದಲ್ಲ. ಹಿಂದೆ ಅವನು ಬೇರೊಬ್ಬರ ಗ್ಯಾರೇಜಿನಲ್ಲಿದ್ದಾಗ ಒಬ್ಬ ನರ್ಸಮ್ಮ ಹೊಸ ಕಾರು ತಂದಿದ್ದರು. ಎಂಟೇ ತಿಂಗಳಿಗೆ ಎಂಜಿನ್ ಸುಟ್ಟುಹೋಯಿತು. ಕಂಪನಿಯ ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ಓದಿ ನೋಡಿ ವಾರಂಟಿ ಇಲ್ಲವೆಂದರು. ಆಕೆ ಗ್ಯಾರೇಜಿನ ಕೌಂಟರಿನ ಮುಂದೆ ನಿಂತು, "ಯಾರೂ ಹೇಳಲೇ ಇಲ್ಲವಲ್ಲ" ಎಂದದ್ದನ್ನು ಅವನು ಕಿವಿಯಾರೆ ಕೇಳಿದ್ದ. ಸ್ವಂತ ಅಂಗಡಿ ತೆರೆಯುವಾಗ ಮೊದಲು ಅಚ್ಚು ಹಾಕಿಸಿದ್ದು ಬೋರ್ಡನ್ನಲ್ಲ, ಈ ಹಾಳೆಯನ್ನು. ಅದನ್ನು ನೋಡಿಯೇ ಸಾರಿಗೆ ಕಚೇರಿಯವರು ಪರವಾನಗಿ ಕೊಟ್ಟದ್ದು. ಒಂದು ಷರತ್ತೂ ಹಾಕಿದ್ದರು: ಕೆಲಸ ಮಾಡಿದ ಪ್ರತಿ ಗಾಡಿಗೂ ಸಹಿಯಾದ ಹಾಳೆ ಇರಬೇಕು. ಒಂದು ಇಲ್ಲವೆಂದು ಗೊತ್ತಾದರೂ ಅಂಗಡಿಗೆ ಬೀಗ.

ಒಂದೇ ಒಂದು ಗಾಡಿಗೆ ಹಾಳೆ ಇರಲಿಲ್ಲ. ಅದು ಭಾವನ ಟ್ಯಾಕ್ಸಿ.

ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಮದುವೆಯಾಗಿ ಹೋಗುವಾಗ ಅಕ್ಕ ಅವನನ್ನೂ ಜೊತೆಗೆ ಕರೆದೊಯ್ದಿದ್ದಳು. ಭಾವ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದೂ ಅವನೇ. ಆ ಭಾವ ಒಂದು ಭಾನುವಾರ ಬೆಳಿಗ್ಗೆ ಟ್ಯಾಕ್ಸಿಯನ್ನು ಅಂಗಡಿಯೊಳಗೆ ತಂದು ನಿಲ್ಲಿಸಿದ. ಊರಾಚೆಯ ಏರಿನಲ್ಲಿ ಏಳು ಜನರನ್ನು ಹೊತ್ತು ಹತ್ತುವಾಗ ಗಾಡಿ ತಿಣುಕುತ್ತಿತ್ತು.

"ನಿನ್ನ ಅಕ್ಕನ ಹಾಗೆ ಆಗಿದೆ ಕಣೋ ಇದು. ಒಂದು ಮೆಟ್ಟಿಲು ಹತ್ತೋಕೆ ನೂರು ಮಾತು."

"ಅಕ್ಕಂಗೆ ಹೇಳ್ತೀನಿ ಇರಿ."

"ಹೇಳಪ್ಪಾ. ಇವತ್ತು ಮಧ್ಯಾಹ್ನದ ಊಟ ನಿನಗೂ ಇಲ್ಲ." ಭಾವ ಮೇಜಿನ ಮೇಲಿದ್ದ ಹಾಳೆಗಳ ಕಟ್ಟನ್ನು ನೋಡಿದ. "ನನಗೂ ಪಾಠ ಓದಿಸ್ತೀಯಾ?"

ಅವನ ಕೈ ಹಾಳೆಯವರೆಗೆ ಹೋಗಿತ್ತು. ತಟ್ಟೆಯಲ್ಲಿ ಪಾಲು ಕೊಟ್ಟು ಬೆಳೆಸಿದ ಮನುಷ್ಯನ ಮುಂದೆ, 'ಆಮೇಲೆ ನನ್ನನ್ನು ದೂರಬೇಡಿ' ಎಂಬಂಥ ಕಾಗದ ಹಿಡಿಯುವುದು ಹೇಗೆ? ನಾಚಿಕೆಯಾಯಿತು.

"ನಿಮಗ್ಯಾಕೆ ಭಾವ, ನಾನಿದ್ದೀನಲ್ಲ" ಎಂದ.

ವಾರಂಟಿಯ ವಿಚಾರ ಹೇಳಲಿಲ್ಲ. ವಿಮೆಯ ಮಾತು ಬರಲೇ ಇಲ್ಲ. ಬುಧವಾರ ಭಾವ ಫೋನ್ ಮಾಡಿ, ಗಾಡಿ ಏರಿನಲ್ಲಿ ಹಾಡುತ್ತಾ ಹೋಗುತ್ತದೆ ಎಂದ. ಕೇಳಿ ಅವನಿಗೆ ಹೊಟ್ಟೆ ತುಂಬಿತು.

ಐದು ತಿಂಗಳು ಕಳೆದ ಮೇಲೆ ಆ ಟ್ಯಾಕ್ಸಿ ಇಳಿಜಾರಿನಲ್ಲಿ ತಡೆಗೋಡೆಗೆ ಗುದ್ದಿತು. ಗಾಡಿ ಖಾಲಿ, ಭಾವ ಒಬ್ಬನೇ. ಅಡ್ಡ ಬಂದ ಸೈಕಲ್ಲಿನ ಹುಡುಗಿಯನ್ನು ತಪ್ಪಿಸಲು ಹೋಗಿದ್ದ. ಹುಡುಗಿಗೆ ಒಂದು ಗೀರೂ ಆಗಲಿಲ್ಲ. ಭಾವನ ಸೊಂಟದಿಂದ ಕೆಳಗೆ ಮಾತ್ರ ಏನೂ ಉಳಿಯಲಿಲ್ಲ. ಕಾಲುಗಳಿದ್ದವು, ಅವು ಅವನವಾಗಿರಲಿಲ್ಲ.

ವಿಮೆ ಇತ್ತು. ಗಾಡಿಗೂ ಇತ್ತು, ಓಡಿಸುವವನ ಕೈಕಾಲಿಗೂ ಇತ್ತು. ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಅಕ್ಕ ಆ ಪಾಲಿಸಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ತೊಡೆಯ ಮೇಲೆ ಒತ್ತಿ ಹಿಡಿದು ಕೂತಿದ್ದಳು. "ಇದೊಂದು ಬಂದ್ರೆ ಉಸಿರಾಡಬಹುದು ಕಣೋ" ಎಂದಳು. ಗಾಡಿಯ ಲೆಕ್ಕ ಬದಲಿಸಿದ್ದನ್ನು ವಿಮಾ ಕಂಪನಿಗೆ ತಿಳಿಸಿಲ್ಲವೆಂಬುದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಅವನು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ, ಒಡೆದ ಗಾಡಿಗಳನ್ನು ನಿಲ್ಲಿಸುವ ಅಂಗಳಕ್ಕೆ ಹೋದ. ಟ್ಯಾಕ್ಸಿಯ ಮೂತಿ ಒಳಕ್ಕೆ ಹೋಗಿತ್ತು. ಕಂಪನಿಯ ಹಳೆಯ ಲೆಕ್ಕ ಅವನ ಬಳಿ ಭದ್ರವಾಗಿತ್ತು, ವಾಪಸ್ ಬರೆಯಲು ಹತ್ತು ನಿಮಿಷ ಸಾಕು. ಆದರೆ ಎಷ್ಟು ಸಲ ಬರೆಯಲಾಗಿದೆ ಎಂಬುದನ್ನು ಎಂಜಿನ್ ಕಂಪ್ಯೂಟರಿನ ಪೆಟ್ಟಿಗೆ ತಾನೇ ಎಣಿಸಿಕೊಳ್ಳುತ್ತದೆ. ಆ ಎಣಿಕೆಯನ್ನು ಅಳಿಸಲು ಅವನಿಗೆ ಬರುತ್ತಿರಲಿಲ್ಲ. ಕಂಪನಿಯದೊಂದು, ಅವನದೊಂದು ಸೇರಿ ಈಗ ಎರಡಿದ್ದದ್ದು ಮೂರಾಗುತ್ತದೆ, ಅದೂ ಅಪಘಾತದ ನಂತರದ ತಾರೀಖಿನಲ್ಲಿ. ಸುಮಾರು ಹೊತ್ತು ಡ್ರೈವರ್ ಸೀಟಿನಲ್ಲಿ ಕೂತಿದ್ದು, ಚೀಲದ ಜಿಪ್ ತೆರೆಯದೆ ಎದ್ದು ಬಂದ.

ವಿಮಾ ಕಂಪನಿಯ ಸರ್ವೇಯರ್ ಒಬ್ಬ ನಡುವಯಸ್ಸಿನ ಹೆಂಗಸು. ಕನ್ನಡಕ ದಾರದಲ್ಲಿ ಕುತ್ತಿಗೆಗೆ ನೇತಾಡುತ್ತಿತ್ತು. ಗುರುವಾರ ಗಾಡಿಯ ಕಂಪ್ಯೂಟರ್ ಓದಿಸಿ ಲೆಕ್ಕ ಬದಲಾದದ್ದನ್ನು ಕಂಡ ಆಕೆ, ಶುಕ್ರವಾರ ಅವನು ಅಂಗಡಿಯಲ್ಲಿದ್ದಾಗ ಆಸ್ಪತ್ರೆಗೆ ಬಂದು ಭಾವನ ಹೇಳಿಕೆ ಬರೆದುಕೊಂಡು ಹೋಗಿದ್ದರು. ಸಂಜೆ ಅವನು ಹೋದಾಗ ಭಾವನ ಮುಖದಲ್ಲಿ ಏನೋ ಗೆದ್ದ ಕಳೆಯಿತ್ತು.

"ಆ ಯಮ್ಮ ಕೇಳಿದ್ರು, ಲೆಕ್ಕ ಬದಲಿಸಿದ ಮೇಷ್ಟ್ರು ನಿಮಗೆ ಎಲ್ಲಾ ಹೇಳಿದ್ರಾ ಅಂತ. ಹೇಳಿದ್ದ, ಓದಿಸಿದ್ದ, ಸಹಿನೂ ಹಾಕಿದ್ದೆ, ನಿಮಗೆ ತಿಳಿಸೋದು ನಾನೇ ಮರೆತೆ ಅಂದೆ. ನಿನ್ನ ಅಂಗಡಿ ಸುದ್ದಿಗೆ ಯಾರೂ ಬರಲ್ಲ, ಬಿಡು."

"ಭಾವ, ಬರೆದುಕೊಂಡ್ರಾ?"

"ಬರೆದುಕೊಂಡು ಓದಿ ಹೇಳಿದ್ರು. ಸಹಿ ಹಾಕಿದೆ. ಕಾಲು ಹೋದ್ರೇನಂತೆ, ಕೈ ಇದೆಯಲ್ಲ."

ಗೊತ್ತಿದ್ದೂ ಮುಚ್ಚಿಟ್ಟೆ ಎಂದು ಭಾವ ತನ್ನ ಕೈಯಾರೆ ಬರೆದುಕೊಟ್ಟಂತಾಗಿತ್ತು. ಅದು ಭಾವನಿಗೆ ಹೊಳೆದಿರಲಿಲ್ಲ. ತಾನು ಗಾಡಿ ಓಡಿಸಿದ ರೀತಿಯಲ್ಲಿ ತಪ್ಪಿಲ್ಲ, ಹುಡುಗಿಯನ್ನು ಉಳಿಸಿದ್ದೇನೆ, ಕೊಡುವುದನ್ನು ಕೊಟ್ಟೇ ಕೊಡುತ್ತಾರೆ ಎಂದು ನಂಬಿದ್ದ.

ಶನಿವಾರ ಇಡೀ ದಿನ ಅವನು ಅಂಗಡಿಯಲ್ಲಿ ಕೂತ. ಬಂದ ಎರಡು ಕಾರುಗಳನ್ನು ವಾಪಸ್ ಕಳಿಸಿದ. ಬಾಯಿ ಮುಚ್ಚಿಕೊಂಡರೆ ಪರವಾನಗಿ ಉಳಿಯುತ್ತದೆ, ಭಾವನೇ ಉಳಿಸಿಕೊಟ್ಟಿದ್ದಾನೆ. ನಿಜ ಹೇಳಿದರೆ, ಗೊತ್ತಿಲ್ಲದವನು ಹೇಗೆ ತಿಳಿಸಿಯಾನು ಎಂದು ಕಂಪನಿ ಒಪ್ಪಬಹುದು. ಅಕ್ಕ ಉಸಿರಾಡಬಹುದು. ಅಂಗಡಿಯ ಶಟರ್ ಮಾತ್ರ ಇಳಿಯುತ್ತದೆ. ಅಂಗಡಿಯನ್ನೂ ಅಕ್ಕನನ್ನೂ ತೂಗಿ ನೋಡಲು ಅವನು ಆ ಒಂದು ದಿನ ತೆಗೆದುಕೊಂಡ. ಆಮೇಲೂ ಅವನಿಗೆ ಹೆಚ್ಚು ಚುಚ್ಚಿದ್ದು ಆ ದಿನವೇ.

ಸೋಮವಾರ ವಿಮಾ ಕಚೇರಿಯಲ್ಲಿ ಸರ್ವೇಯರಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಹಾಳೆ ಇಲ್ಲ, ಓದಿಸಿಲ್ಲ, ತಪ್ಪು ನನ್ನದು ಎಂದ. ಆಕೆ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

"ಇದನ್ನ ಶುಕ್ರವಾರಕ್ಕೆ ಮುಂಚೆ ಬಂದು ಹೇಳಿದ್ರೆ ನನ್ನ ಕೈಲಿ ಏನಾದ್ರೂ ಇತ್ತು. ಈಗ ಅವರು ಒಂದು ಹೇಳಿದ್ದಾರೆ, ನೀವು ಅದರ ಉಲ್ಟಾ ಹೇಳ್ತಿದ್ದೀರ. ಅವರ ಮಾತಿಗೆ ಸಹಿ ಇದೆ."

"ನನ್ನನ್ನ ಉಳಿಸೋಕೆ ಸುಳ್ಳು ಹೇಳಿದಾರೆ ಮೇಡಂ."

"ಅವರನ್ನ ಉಳಿಸೋಕೆ ನೀವು ಸುಳ್ಳು ಹೇಳ್ತಿದ್ದೀರಿ ಅಂತ ಮೇಲಿನವರು ಅಂತಾರೆ. ಏನು ಉತ್ತರ ಕೊಡ್ಲಿ?"

"ಹಾಳೆ ಇಲ್ವಲ್ಲ! ಸಹಿ ಹಾಕಿದ್ರೆ ನನ್ನ ಫೈಲಲ್ಲಿ ಇರಬೇಕಿತ್ತಲ್ಲ."

"ನಿನ್ನೆ ಮೊನ್ನೆ ಹರಿದು ಹಾಕಿರಬಹುದು" ಎಂದರು ಆಕೆ. ಚುಚ್ಚುವ ದನಿಯಲ್ಲ, ದಿನವೂ ಇಂಥದ್ದನ್ನು ನೋಡಿ ದಣಿದ ದನಿ. "ಕೂತ್ಕೊಳ್ಳಿ. ನೀವು ಹೇಳಿದ್ದನ್ನೂ ಬರ್ಕೋತೀನಿ. ಆದ್ರೆ ಹಾಳೆ ಇಲ್ಲ ಅನ್ನೋ ಮಾತು ಸಾರಿಗೆ ಕಚೇರಿಗೆ ಹೋಗುತ್ತೆ. ಯೋಚನೆ ಮಾಡಿ."

ಅವನು ಯೋಚಿಸಲಿಲ್ಲ, ಕೂತ. ಆಕೆ ಬರೆದದ್ದನ್ನು ಓದಿ ಸಹಿ ಹಾಕಿದ.

ಪರವಾನಗಿ ರದ್ದಾದ ಪತ್ರ ಮೂರನೆಯ ವಾರಕ್ಕೆ ಬಂತು. ಕ್ಲೇಮ್ ತಿರಸ್ಕರಿಸಿದ ಪತ್ರ ಐದನೆಯ ವಾರಕ್ಕೆ. ಕೋರ್ಟಿಗೆ ಹೋಗಬಹುದು, ವರ್ಷಗಟ್ಟಲೆ ಹಿಡಿಯಬಹುದು ಎಂದರು ವಕೀಲರು.

ನಡೆದದ್ದೆಲ್ಲ ಅಕ್ಕನಿಗೆ ಗೊತ್ತಾದದ್ದು ಆ ದಿನ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಂಚದ ಮೇಲಿದ್ದ ಗಂಡನನ್ನೂ ನೆಲದ ಮೇಲೆ ಕೂತಿದ್ದ ತಮ್ಮನನ್ನೂ ಒಮ್ಮೆ ನೋಡಿದಳು.

"ಅವತ್ತು ಇವನು ನಿಮ್ಮ ಮೇಲಿನ ಮರ್ಯಾದೆಗೆ ಹೇಳ್ಲಿಲ್ಲ. ಆಸ್ಪತ್ರೆಲಿ ನೀವು ಇವನ ಮೇಲಿನ ಪ್ರೀತಿಗೆ ಹೇಳಿದ್ರಿ. ನನ್ನನ್ನ ಒಂದು ಮಾತು ಯಾರಾದ್ರೂ ಕೇಳಿದ್ರಾ?"

"ಲೇ, ಅವನನ್ನ ಬೈಬೇಡ..." ಎಂದ ಭಾವ.

"ಬೈತಿಲ್ಲ. ಬೈಯೋಕೆ ಶಕ್ತಿ ಬೇಕು."

ಅಂದಿನಿಂದ ಅವಳು ತಮ್ಮನೊಡನೆ ಮಾತು ಬಿಟ್ಟಳು. ತಟ್ಟೆ ಮುಂದಿಡುತ್ತಿದ್ದಳು, ಅಷ್ಟೇ. ಅವನೀಗ ಬೀದಿಯ ಇನ್ನೊಂದು ತುದಿಯಲ್ಲಿ ಟಯರ್ ಬದಲಿಸುವ ಅಂಗಡಿಯಲ್ಲಿ ಕೂಲಿಗಿದ್ದಾನೆ. ಈಗಲೂ ಕೆಲವರು ಮೇಷ್ಟ್ರು ಎಂದು ಕೂಗುತ್ತಾರೆ. ಅವನು ತಿರುಗಿ ನೋಡುವುದಿಲ್ಲ. ಅಂಗಡಿ ತೆರೆಯುವ ಮುನ್ನ ದಿನವೂ ಬೆಳಿಗ್ಗೆ ಅಕ್ಕನ ಮನೆಗೆ ಹೋಗಿ, ಭಾವನನ್ನು ಮಂಚದಿಂದ ಎತ್ತಿ, ಗಾಲಿಕುರ್ಚಿಯಲ್ಲಿ ಕೂರಿಸಿ ಬಚ್ಚಲಿಗೆ ಒಯ್ಯುತ್ತಾನೆ. ಭಾವ ಹಗುರಾಗಿದ್ದಾನೆ, ಆದರೂ ಎತ್ತುವುದು ಕಷ್ಟ. ಸಹಕರಿಸದ ಮೈಗೆ ಭಾರ ಜಾಸ್ತಿ.

ಒಂದು ಬೆಳಿಗ್ಗೆ ಭಾವ ಅವನ ಹಿಡಿತದಿಂದ ಜಾರಿದ. ಬೀಳುವ ಮೊದಲೇ ಅಕ್ಕ ಓಡಿಬಂದು ಇನ್ನೊಂದು ಬದಿಯಿಂದ ಆತುಕೊಂಡಳು. ಅವನನ್ನು ಮಂಚದ ಅಂಚಿಗೆ ಕೂರಿಸಿ ಇಬ್ಬರೂ ಏದುಸಿರು ಬಿಡುತ್ತಾ ನಿಂತರು.

"ತೋಳು ಹಿಡೀಬೇಡ" ಎಂದಳು ಅಕ್ಕ, ಅವನ ಮುಖ ನೋಡದೆ. ಅವಳು ಅವನೊಡನೆ ಮಾತಾಡಿ ಎರಡು ತಿಂಗಳಾಗಿತ್ತು. "ಬೆನ್ನಿನ ಕೆಳಗೆ ಕೈ ಹಾಕು. ಅವರಿಗೆ ನೋವಾದ್ರೂ ಹೇಳಲ್ಲ."

ಅವನು ಬೆನ್ನಿನ ಕೆಳಗೆ ಕೈ ಹಾಕಿದ. ಅಕ್ಕ ಕುರ್ಚಿಯನ್ನು ಹತ್ತಿರಕ್ಕೆಳೆದು, ಗಾಲಿ ಅಲುಗದಂತೆ ಕಾಲು ಅಡ್ಡ ಕೊಟ್ಟಳು.