ತಿದ್ದಲಾಗದ ಸುಳ್ಳು

ಕರಿಕೆ ಕಡೆಯ ಉಪಕೇಂದ್ರವೊಂದರಲ್ಲಿ ನಾನು ನರ್ಸ್ ಆಗಿದ್ದಾಗ, ಲಸಿಕೆ ಪೆಟ್ಟಿಗೆಗಳ ಸಾಗಾಟವೆಲ್ಲ ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಸೇರತೊಡಗಿತು. ಒಮ್ಮೆ ದಾಖಲಾದದ್ದನ್ನು ಯಾರೂ ತಿದ್ದಲಾಗದು ಎಂದು ಇಲಾಖೆಯವರು ಹೇಳಿದಾಗ ನನಗೆ ಖುಷಿಯಾಗಿತ್ತು.

ಒಂದು ದಿನ ಬೆಳಿಗ್ಗೆ ಬರಬೇಕಿದ್ದ ಲಸಿಕೆಯ ಜೀಪು ದಾರಿಯಲ್ಲಿ ಕೆಟ್ಟು ಸಂಜೆ ಬಂತು. ಪೆಟ್ಟಿಗೆಯಲ್ಲಿನ ಐಸ್ ಪೂರ್ತಿ ಕರಗಿ ಲಸಿಕೆ ಕೆಟ್ಟಿತ್ತು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ಚಾಲಕ ಬೆಳಿಗ್ಗೆ ಅಲ್ಲಿಂದ ಹೊರಡುವಾಗಲೇ ಮೊಬೈಲಿನಲ್ಲಿ 'ತಲುಪಿದೆ' ಎಂದು ಒತ್ತಿದ್ದ. ನಾನು ಯಾವ ಮಗುವಿಗೂ ಚುಚ್ಚದೆ ಎಲ್ಲವನ್ನೂ ವಾಪಸು ಕಳಿಸಿದೆ.

ಮರುದಿನ ಅಧಿಕಾರಿ ಕರೆಸಿದರು. "ಬೆಳಿಗ್ಗೆಯೇ ತಲುಪಿದೆ ಅಂತ ಇದರಲ್ಲಿ ಉಂಟಲ್ಲ ಸಿಸ್ಟರ್. ಹಾಳು ಮಾಡಿದ್ದು ನೀವೇ."

"ಅದು ಸುಳ್ಳು ಸರ್. ಚಾಲಕನನ್ನೇ ಕೇಳಿ."

"ಅವನನ್ನು ಕೇಳಲಿಕ್ಕೆ ಎಂತ ಉಂಟು? ದಾಖಲೆ ಉಂಟಲ್ಲ."

ನನ್ನ ಬಡ್ತಿ ನಿಂತಿತು. ಊರಿನ ತಾಯಂದಿರೂ ನನ್ನನ್ನು ಲಸಿಕೆ ಕೆಡಿಸಿದವಳೆಂದೇ ನಂಬಿದರು.